ಹಿಂದಿನ ಚಕ್ರದ ಗತ್ತು

ಈ ಸಲ ಟಾಹೋ ಬೆಟ್ಟದ ಹಿಮವನ್ನು ನನ್ನ ಸ್ವಂತ ಕಾರಿನಲ್ಲೇ ಹತ್ತುತ್ತೇನೆ, ಯಾರ ಹಂಗೂ ಇಲ್ಲದೆ ಹತ್ತುತ್ತೇನೆ, ಹತ್ತಿದ ಮೇಲೆ ತುದಿಯಲ್ಲಿ ನಿಂತು ಕೆಳಗಿನ ಕ್ಯಾಮ್ರಿ ಕಾರುಗಳಿಗೆಲ್ಲ ಕೈ ಬೀಸುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ಒಂದು ಬುಧವಾರ ಬೆಳಗ್ಗೆ, ಹಲ್ಲುಜ್ಜುವಾಗ. ಬಾಯಿ ತುಂಬ ನೊರೆ ಇದ್ದುದರಿಂದ ಪ್ರತಿಜ್ಞೆ ಹೆಂಡತಿಗೆ ಸರಿಯಾಗಿ ಕೇಳಿಸಲಿಲ್ಲ. ಬಾಯಿ ಮುಕ್ಕಳಿಸಿ ಇನ್ನೊಮ್ಮೆ ಮಾಡಿದೆ.

"ಯಾವ ಕಾರಲ್ಲಿ?" ಎಂದಳು ಆರತಿ.

"ನಮ್ಮ ಕಾರಲ್ಲಿ."

"ಅದು ನಮ್ಮದು ಯಾವಾಗ ಆಯ್ತು? ಅದು ನಿಮ್ಮದು. ನಮ್ಮದಾಗಿದ್ರೆ ಬಾಗಿಲು ನಾಲ್ಕಿರ್ತಿತ್ತು."

ನನ್ನ ಕಾರಿಗೆ ಬಾಗಿಲು ಎರಡೇ. ಬಣ್ಣ ಕೆಂಪು. ನೆಲಕ್ಕೆ ಎಷ್ಟು ಹತ್ತಿರ ಅಂದರೆ, ಅದರಲ್ಲಿ ಕೂತವನು ಪಕ್ಕದ ಲಾರಿಯ ಚಕ್ರದ ನಟ್ಟು ಬೋಲ್ಟುಗಳ ಜೊತೆ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬಹುದು. ಹಿಂದೆಯೂ ಎರಡು ಸೀಟಿವೆ, ಆದರೆ ಅವು ಲೆಕ್ಕಕ್ಕೆ ಮಾತ್ರ. ಆ ವರ್ಷ ನಮ್ಮ ಕಂಪನಿಯ ಷೇರು ಏರಿತ್ತು. ರೆಡ್‌ವುಡ್ ಸಿಟಿಯ ನಮ್ಮ ಆಫೀಸಿನಲ್ಲಿ ಎಲ್ಲರ ತಲೆಯೂ ಸ್ವಲ್ಪ ಸ್ವಲ್ಪ ಏರಿತ್ತು. ಬೇರೆಯವರು ಮನೆ ನೋಡಿದರು, ನಾನು ಸ್ಪೋರ್ಟ್ಸ್ ಕಾರು ನೋಡಿದೆ. ನೋಡಿದವನು ಬಿಡಲಿಲ್ಲ.

ಅದು ಬಂದ ದಿನದಿಂದ ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿನ ಸುತ್ತಮುತ್ತ ಕನ್ನಡ ಬಲ್ಲ ಒಬ್ಬನೂ ನನ್ನ ಉಪನ್ಯಾಸದಿಂದ ತಪ್ಪಿಸಿಕೊಂಡಿಲ್ಲ. ಉಪನ್ಯಾಸ ಇಷ್ಟೇ. "ನೋಡಪ್ಪಾ, ಕಾರುಗಳಲ್ಲಿ ಎರಡು ಜಾತಿ. ನಿಮ್ಮ ಕ್ಯಾಮ್ರಿ ಇದೆಯಲ್ಲ, ಅದು ಎಳೆಯೋ ಕಾರು. ಮುಂದಿನ ಚಕ್ರ ತಿರುಗಬೇಕು, ಉಳಿದ ಕಾರನ್ನ ಹಗ್ಗ ಕಟ್ಟಿದ ಕರು ಥರ ಎಳ್ಕೊಂಡು ಹೋಗ್ಬೇಕು. ನನ್ನದು ತಳ್ಳೋ ಕಾರು. ಶಕ್ತಿ ಎಲ್ಲಾ ಹಿಂದಿನ ಚಕ್ರಕ್ಕೆ. ಕೂತರೆ ಬೆನ್ನ ಹಿಂದೆ ಯಾರೋ ನಿಂತು ಹೋಗು ಮಗನೇ ಅಂತ ತಳ್ಳಿದ ಹಾಗೆ ಇರುತ್ತೆ. ಆ ಸುಖ ಬೇರೆ."

ಕೇಳಿದವರು ಹೂಂ ಅಂದು ತಮ್ಮ ಕ್ಯಾಮ್ರಿ ಹತ್ತಿ ಹೋಗುತ್ತಿದ್ದರು. ಎದುರು ಮನೆಯ ಮೈಸೂರಿನ ಜಯರಾಮ್ ಮಾತ್ರ ಒಂದು ದಿನ, "ಕೇದಾರ, ನಿನ್ನ ಕಾರಿಗಿಂತ ನಿನ್ನ ಬಾಯಿಗೇ ಜಾಸ್ತಿ ಹಾರ್ಸ್‌ಪವರ್ ಇದೆ" ಎಂದಿದ್ದ. ಹೊಟ್ಟೆಕಿಚ್ಚು ಅಂತ ಬಿಟ್ಟುಬಿಟ್ಟೆ.

ನನ್ನ ಉಪನ್ಯಾಸವನ್ನು ಮೊದಲಿಂದ ಕೊನೆಯವರೆಗೆ ಶ್ರದ್ಧೆಯಿಂದ ಕೇಳಿದವರು ಜಗತ್ತಿನಲ್ಲಿ ಒಬ್ಬರೇ, ನನ್ನ ಮಾವ ಗುರುಶಾಂತಪ್ಪನವರು. ಗದಗಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಗಿರಾಕಿ ಮಾತು ಮುಗಿಸುವವರೆಗೂ ತುಟಿ ಬಿಚ್ಚದ ಅಭ್ಯಾಸ. ಆರತಿಗೆ ಜೂನ್ ತಿಂಗಳಲ್ಲಿ ಹೆರಿಗೆ ಅಂತ ಡಾಕ್ಟರ್ ಹೇಳಿದ್ದೇ ತಡ, ಅತ್ತೆ ದಾನವ್ವನವರು ಬಾಣಂತನಕ್ಕೆ ಅಂತ ಹೊರಟು ನಿಂತರು. ಜೊತೆಗೆ ಮಾವನವರೂ ಬಂದರು. ಬರುವಾಗ ಒಂದು ಸೂಟ್‌ಕೇಸಿನ ತುಂಬ ಜೋಳದ ಹಿಟ್ಟು, ಇನ್ನೊಂದರ ತುಂಬ ಶೇಂಗಾ ಚಟ್ನಿಪುಡಿ. ಅವರನ್ನು ಏರ್‌ಪೋರ್ಟಿನಿಂದ ಕರೆತರಲು ನನ್ನ ಕಾರೇ ಹೋಗಿತ್ತು. ಸೂಟ್‌ಕೇಸುಗಳು ಜಯರಾಮನ ಕ್ಯಾಮ್ರಿಯಲ್ಲಿ ಬಂದವು.

ಹಿಂದಿನ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತ ಮಾವನವರು ಅವತ್ತೇ ಕೇಳಿದ್ದರು. "ಅಳಿಯಂದ್ರ, ಇದರಾಗ ಕೂಸಿನ್ನ ಎಲ್ಲಿ ಕುಂಡ್ರಸ್ತೀರಿ?"

ಆ ಪ್ರಶ್ನೆ ನನ್ನ ಸಂಸಾರದಲ್ಲಿ ಬೀಜ ಬಿದ್ದಂತೆ ಬಿತ್ತು. ಮಾರನೇ ದಿನವೇ ಆರತಿ ಮಿನಿವ್ಯಾನುಗಳ ಬಣ್ಣದ ಪುಸ್ತಕ ತಂದಳು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಎಲ್ಲವನ್ನೂ ಪರೀಕ್ಷೆ ಮಾಡಿಯೇ ಒಪ್ಪುವ ಜಾತಿ. ಕೂಸನ್ನು ಕೂಡಿಸುವ ಇನ್ಫೆಂಟ್ ಸೀಟು ಎರವಲು ತಂದು ನನ್ನ ಕಾರಿಗೆ ತುರುಕಿ ನೋಡಿದಳು. ಒಳಗೆ ಹೋಯಿತು. ಹೊರಗೆ ತೆಗೆಯಲು ಜಯರಾಮನನ್ನು ಕರೆಯಬೇಕಾಯಿತು.

"ನೋಡಿದ್ರಾ?" ಎಂದಳು.

ಇಲ್ಲೊಂದು ಮಾತು. ಮನೆಯಲ್ಲಿ ನಾವಿಬ್ಬರೇ ಇದ್ದಾಗ ಆರತಿ ನನ್ನನ್ನು ನೀನು ಅನ್ನುತ್ತಾಳೆ. ಅಪ್ಪ ಅಮ್ಮ ಬಂದಾಗಿನಿಂದ ನಾನು ನೀವು ಆಗಿದ್ದೆ. ಹೆಂಡತಿ ನೀವು ಅಂದಾಗ ಜಗಳ ಆಡುವುದು ಬಹಳ ಕಷ್ಟ ಸ್ವಾಮಿ. ಎಷ್ಟು ಬೈದರೂ ಗೌರವ ಕೊಟ್ಟ ಹಾಗೇ ಕೇಳಿಸುತ್ತದೆ.

ಜನವರಿಯ ಸಂಕ್ರಾಂತಿಗೆ ಉದ್ದನೆಯ ವೀಕೆಂಡು ಕೂಡಿ ಬಂತು. ನಮ್ಮ ಕನ್ನಡದ ಗುಂಪು ಟಾಹೋದಲ್ಲಿ ದೊಡ್ಡದೊಂದು ಕ್ಯಾಬಿನ್ ಹಿಡಿದು ಹಬ್ಬ ಮಾಡುವುದೆಂದು ತೀರ್ಮಾನಿಸಿತು. ಹಬ್ಬದ ಊಟ ದಾನವ್ವನವರದು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಈ ಸುದ್ದಿ ಹಬ್ಬಿದ್ದೇ, ಬರುವುದಿಲ್ಲ ಅಂದವರೂ ಬರುತ್ತೇವೆ ಅಂದರು. ಬೆಂಗಳೂರಿನ ರಹೀಮ್ ಮತ್ತು ಅವನ ಹೆಂಡತಿ ಆಬಿದಾಗೆ ಹಿಮ ಕಂಡರಾಗದು. ಅವರೂ ಎಣ್ಣೆಗಾಯಿ ಅಂದ ತಕ್ಷಣ ಬೆಚ್ಚನೆ ಜಾಕೆಟ್ಟು ಕೊಂಡರು.

ನನ್ನ ಪ್ರತಿಜ್ಞೆ ಹುಟ್ಟಿದ್ದು ಈ ಸಂದರ್ಭದಲ್ಲಿ. ಆರತಿ ಕೈ ಕಟ್ಟಿ ನಿಂತು ನನ್ನನ್ನು ಅಳೆದಳು.

"ಸರಿ. ಒಂದು ಬಾಜಿ. ನೀವು, ನಾನು, ಅಪ್ಪ, ಅವ್ವ, ಹಬ್ಬದ ಊಟ, ಇಷ್ಟನ್ನೂ ನಿಮ್ಮ ಕಾರಲ್ಲಿ ಕ್ಯಾಬಿನ್ ಬಾಗಿಲ ತನಕ ಮುಟ್ಟಿಸಿ. ಆಮೇಲೆ ನಾನು ಮಿನಿವ್ಯಾನ್ ಅಂತ ಬಾಯಿ ಬಿಡಲ್ಲ. ಕೂಸಿನ ಸೀಟನ್ನ ಹೇಗಾದ್ರೂ ತುರುಕೋಣ."

"ಮುಟ್ಟದಿದ್ರೆ?"

"ಯಾರಾದ್ರೂ ಎಳೆದ್ರೋ, ತಳ್ಳಿದ್ರೋ, ಒಂದು ಬೆರಳು ತಾಗಿಸಿದ್ರೋ, ವಾಪಸ್ ಬಂದ ವಾರವೇ ಕಾರು ಮಾರಾಟ."

"ಒಪ್ಪಿದೆ" ಎಂದೆ. ಒಂದು ಕ್ಷಣ ಕೂಡ ಯೋಚಿಸಲಿಲ್ಲ. ಯೋಚಿಸುವ ಅಭ್ಯಾಸವಿದ್ದಿದ್ದರೆ ಆ ಕಾರನ್ನು ಕೊಳ್ಳುತ್ತಲೇ ಇರಲಿಲ್ಲವಲ್ಲ.

ನಾನು ಹಟ ಹಿಡಿದರೆ ಅರ್ಧಕ್ಕೆ ಬಿಡುವ ಆಸಾಮಿಯಲ್ಲ. ಹಿಮದಲ್ಲಿ ಜಾರದಿರಲು ಚಕ್ರಕ್ಕೆ ಸುತ್ತುವ ಚೈನು ಬೇಕು, ಕೊಂಡು ತಂದೆ. ಹಾಕಲು ಬರಬೇಕು, ಕಲಿಯಲು ಕೂತೆ. ನನ್ನ ಕಾರು ನೆಲಕ್ಕೆ ತೀರಾ ಹತ್ತಿರವಾದ್ದರಿಂದ, ಅಭ್ಯಾಸಕ್ಕೆ ಜಯರಾಮನ ಕ್ಯಾಮ್ರಿಯನ್ನು ಹಿಡಿದೆ. ದಿನಾ ಸಂಜೆ ಆಫೀಸಿನಿಂದ ಬಂದು, ಎಲ್ಲೆಲ್ಲೂ ಹಿಮದ ಸುಳಿವೇ ಇಲ್ಲದ ನಮ್ಮ ಪಾರ್ಕಿಂಗಿನಲ್ಲಿ ಅಂಗಾತ ಮಲಗಿ, ಅವನ ಕಾರಿಗೆ ಚೈನು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಕೊನೆಗೆ ಕಣ್ಣು ಮುಚ್ಚಿಕೊಂಡು ಹಾಕುವಷ್ಟು ಪಳಗಿದೆ. ಅಪಾರ್ಟ್‌ಮೆಂಟಿನ ಮ್ಯಾನೇಜರಮ್ಮ ಎರಡು ಸಲ ಬಂದು, ನಿಮಗೆ ಏನಾದರೂ ಸಹಾಯ ಬೇಕಾ ಎಂದು ಮೆಲ್ಲಗೆ ಕೇಳಿ ಹೋದಳು.

ಜಯರಾಮ್ ಇನ್ನೊಂದು ಬುದ್ಧಿ ಹೇಳಿದ. "ನಿನ್ನ ಕಾರಿಗೆ ಹಿಂದೆ ಭಾರ ಬೇಕು ಕಣೋ. ಎಂಜಿನ್ನು ಮುಂದೆ, ಡಿಕ್ಕಿ ಖಾಲಿ. ಹಿಮದಲ್ಲಿ ಬಾಲ ಅಲ್ಲಾಡಿಸುತ್ತೆ. ಒಂದೆರಡು ಮರಳಿನ ಮೂಟೆ ಇಡು."

ಮರಳು ಯಾಕೆ? ಮನೆಯಲ್ಲಿ ಅಕ್ಕಿ ಇತ್ತು. ವರ್ಷ ಎರಡು ಸಾವಿರ ಆದ ಕ್ಷಣ ಕಂಪ್ಯೂಟರುಗಳೆಲ್ಲ ಕೈ ಕೊಟ್ಟು ಲೋಕ ಉಪವಾಸ ಬೀಳುತ್ತದೆ ಎಂದು ನಂಬಿ ಡಿಸೆಂಬರಿನಲ್ಲಿ ನಾನು ಮೂಟೆಗಟ್ಟಲೆ ಸೋನಾ ಮಸೂರಿ ತಂದು ಬಟ್ಟೆಯ ಕ್ಲಾಸೆಟ್ಟಿನಲ್ಲಿ ಪೇರಿಸಿದ್ದೆ. ಲೋಕಕ್ಕೆ ಏನೂ ಆಗಲಿಲ್ಲ. ನನ್ನ ಅಂಗಿಗಳಿಗೆ ಜಾಗ ಇಲ್ಲದಂತಾಯಿತು, ಅಷ್ಟೇ. ಆ ಅಕ್ಕಿಯನ್ನು ನೋಡಿದಾಗಲೆಲ್ಲ ಆರತಿ ನಗುತ್ತಿದ್ದಳು. ಈಗ ಅದರ ಕಾಲ ಬಂತು. ಎರಡು ಮೂಟೆ ಡಿಕ್ಕಿಗೆ ಇಳಿಸಿದೆ. ಅದರ ಮೇಲೆ ಎಣ್ಣೆಗಾಯಿಯ ಪಾತ್ರೆ, ಹೋಳಿಗೆಯ ಡಬ್ಬಿ. ರೊಟ್ಟಿಯ ಗಂಟನ್ನು ಮಾತ್ರ ದಾನವ್ವನವರು ಬಿಡಲಿಲ್ಲ.

"ಅಲ್ಲಿಟ್ರ ರೊಟ್ಟಿ ಮುರೀತಾವ. ನನ್ನ ತೊಡಿ ಮ್ಯಾಲ ಇರ್ಲಿ" ಎಂದು ಹಿಂದಿನ ಸೀಟಿನಲ್ಲಿ ಗಂಟನ್ನು ಅಪ್ಪಿಕೊಂಡು ಕೂತರು. ಮಾವನವರು ಅರ್ಧ ಕೂತರು, ಅರ್ಧ ಮಡಚಿಕೊಂಡರು. ಮಂಕಿ ಕ್ಯಾಪು, ಹೊಸ ಬಿಳಿ ಸ್ವೆಟರು. ಸ್ವೆಟರು ಆರತಿ ಕೊಡಿಸಿದ್ದು. ಅದನ್ನು ಹಾಕಿದಾಗಿನಿಂದ ಮಾವನವರು ಯಾವ ಗೋಡೆಗೂ ಒರಗುತ್ತಿರಲಿಲ್ಲ.

ಬೆಳಗಿನ ಜಾವವೇ ಹೊರಟೆವು. ಫ್ರೀವೇಯಲ್ಲಿ ನನ್ನ ಕಾರು ಹಾರಿತು. ಸ್ಯಾಕ್ರಮೆಂಟೋ ದಾಟುವವರೆಗೆ ನಾನೇ ರಾಜ. ಬೆಟ್ಟ ಶುರುವಾದ ಮೇಲೆ ಎರಡೂ ಬದಿ ಬೆಳ್ಳಗಾಯಿತು, ಆದರೆ ಫ್ರೀವೇಯ ಹಿಮವನ್ನೆಲ್ಲ ಆಗಲೇ ಗೋರಿ ತೆಗೆದಿದ್ದರು. ಚೈನಿಲ್ಲದೆ ಸಲೀಸಾಗಿ ಹತ್ತಿದೆ.

"ನೋಡಿದ್ಯಾ?" ಎಂದೆ ಆರತಿಗೆ.

"ಇನ್ನೂ ಕ್ಯಾಬಿನ್ ಬಂದಿಲ್ಲ" ಎಂದಳು.

ಫ್ರೀವೇ ಬಿಟ್ಟು ಇಳಿದಲ್ಲಿ ಒಂದು ಗ್ಯಾಸ್ ಸ್ಟೇಷನ್ನು, ಅಂದರೆ ಪೆಟ್ರೋಲ್ ಬಂಕು. ಅಲ್ಲಿಂದ ಕ್ಯಾಬಿನ್ನಿಗೆ ಹೋಗುವ ರಸ್ತೆ ಪೂರ್ತಿ ಹಿಮ. ಚೈನು ಹಾಕಿಕೊಡುವ ಒಬ್ಬ ಅಮೆರಿಕನ್ ದೊಡ್ಡ ಕೈಗವಸು ಹಾಕಿಕೊಂಡು ನನ್ನ ಕಡೆ ಬಂದ. ನಾನು ಕೈ ಅಡ್ಡ ಆಡಿಸಿದೆ. ನನಗೆ ಬರುತ್ತೆ ಮಹರಾಯ, ನೀನು ಬೇರೆಯವರನ್ನ ನೋಡು. ಅವನು ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ನಾನು ನೆಲದ ಮೇಲೆ ಮಲಗಿ ಆಗಿತ್ತು.

ಕೈಗಳು ತಾವೇ ಓಡಿದವು. ಜಯರಾಮನ ಕಾರಿಗೆ ಹೇಗೆ ಹಾಕಿದ್ದೆನೋ ಹಾಗೇ, ಒಂದು ಕೊಂಡಿ ಆಚೀಚೆ ಆಗದಂತೆ ಹಾಕಿ ಎದ್ದೆ. ಮಾವನವರು ಕಾರಿನಿಂದ ಇಳಿದು ಕಾಲು ನೀಡಿಕೊಳ್ಳುತ್ತಾ ಎಲ್ಲವನ್ನೂ ನೋಡುತ್ತಿದ್ದರು.

"ಅಳಿಯಂದ್ರ, ಒಂದ ಮಾತ..."

"ಆಮೇಲೆ ಮಾವ. ಚಳಿ ಇದೆ, ಹತ್ತಿ ಕೂತ್ಕೊಳ್ಳಿ."

ಹತ್ತಿ ಕೂತರು.

ಮೊದಲ ತಿರುವಿನವರೆಗೆ ಕಾರು ಚೆನ್ನಾಗಿಯೇ ಹೋಯಿತು. ಎರಡನೇ ತಿರುವಿನಲ್ಲಿ ಏರು ಶುರುವಾಯಿತು. ಅಲ್ಲಿ ನನ್ನ ಕಾರು ಒಂದು ಸಲ ಸೊಂಟ ಎಡಕ್ಕೆ ತಿರುಗಿಸಿತು. ಆಮೇಲೆ ಬಲಕ್ಕೆ ತಿರುಗಿಸಿತು. ಆಮೇಲೆ ನಿಂತಿತು. ನಾನು ಆಕ್ಸಿಲರೇಟರ್ ತುಳಿದು ಗ್ಯಾಸ್ ಕೊಟ್ಟೆ. ಎಂಜಿನ್ನು ಗರ್ಜಿಸಿತು, ಹಿಂದಿನ ಚಕ್ರ ಗಿರ್ರನೆ ತಿರುಗಿತು, ಕಾರು ನಿಂತಲ್ಲೇ ನಿಂತಿತು. ಇನ್ನಷ್ಟು ಕೊಟ್ಟೆ. ಇನ್ನಷ್ಟು ಗರ್ಜಿಸಿ ಒಂದು ಮೊಳ ಹಿಂದಕ್ಕೆ ಜಾರಿತು.

"ಯಪ್ಪಾ ಬಸವಣ್ಣ" ಎಂದರು ಹಿಂದಿನಿಂದ ದಾನವ್ವನವರು, ರೊಟ್ಟಿಯ ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು.

"ಏನಿಲ್ಲ ಅತ್ತೆ. ಕಾರು ಸ್ವಲ್ಪ ದಮ್ಮು ತಗೋತಾ ಇದೆ."

"ಅಳಿಯಂದ್ರ, ಒಂದ ಮಾತ ಕೇಳ್ತೀನಿ..."

"ಮಾವ, ಈಗ ಬೇಡ."

ಅಷ್ಟರಲ್ಲಿ ಹಿಂದಿನಿಂದ ಝಣಝಣ ಸದ್ದು. ಜಯರಾಮನ ಕ್ಯಾಮ್ರಿ ಬರುತ್ತಿತ್ತು. ಹಳೇ ಕಾರು, ಬಾಗಿಲಿಗೊಂದು ಗೀರು, ಮದುಮಗಳ ಕಾಲ್ಗೆಜ್ಜೆ ಥರ ಚೈನು ಕುಣಿಸಿಕೊಂಡು, ಒಂದು ಚೂರೂ ಆತುರ ಇಲ್ಲದೆ ನಮ್ಮನ್ನು ದಾಟಿತು. ಕಿಟಕಿ ಇಳಿಸಿ ಜಯರಾಮ್ ಕೇಳಿದ.

"ತಳ್ಳಬೇಕೇನೋ?"

"ಬೇಡ ಬೇಡ, ಸೀನರಿ ನೋಡ್ತಾ ಇದೀವಿ."

ಸೀನರಿ ಎಂದರೆ ಎದುರಿಗೆ ಒಂದು ಹಿಮದ ಗೋಡೆ, ಅದರ ಮೇಲೊಂದು ಸ್ಟಾಪ್ ಬೋರ್ಡು. ಜಯರಾಮ್ ಅದನ್ನು ಒಮ್ಮೆ ನೋಡಿ, ತಲೆಯಾಡಿಸಿ, ಮುಂದೆ ಹೋದ.

ಹಿಂದೆಯೇ ರಹೀಮ್ ಬಂದ. ಅವನೂ ಕಿಟಕಿ ಇಳಿಸಿದ. "ಕೇದಾರ್ ಭಾಯ್, ಊಟ ನಿಮ್ಮ ಕಾರಲ್ಲೇ ಇದೆ ಅಲ್ವಾ?"

"ಇದೆ."

"ಎಣ್ಣೆಗಾಯಿನೂ?"

"ಎಲ್ಲಾ ಇದೆ ಮಾರಾಯ."

"ನಾನು ಬೆಳಗ್ಗೆಯಿಂದ ಬರೀ ಚಾ ಕುಡಿದಿದೀನಿ. ಬೇಗ ಬನ್ನಿ" ಎಂದು ಕಳಕಳಿಯಿಂದ ನುಡಿದು ಅವನೂ ಏರಿ ಮಾಯವಾದ. ಅವನದೂ ಕ್ಯಾಮ್ರಿಯೇ.

ನಾನು ಹಲ್ಲು ಕಚ್ಚಿದೆ. ಹಿಂದಕ್ಕೆ ಇಳಿಸಿ ಓಡಿಸಿಕೊಂಡು ಬಂದು ನೋಡಿದೆ. ಅದೇ ತಿರುವು, ಅದೇ ಸೊಂಟ. ಅಕ್ಕಿ ಮೂಟೆಗಳನ್ನು ಡಿಕ್ಕಿಯ ಆ ಮೂಲೆಯಿಂದ ಈ ಮೂಲೆಗೆ ಸರಿಸಿದೆ. ಕಾರಿನ ಒಳಗಿನ ಚಾಪೆಗಳನ್ನು ಕಿತ್ತು ಹಿಂದಿನ ಚಕ್ರಗಳ ಕೆಳಗೆ ತುರುಕಿದೆ. ಚಕ್ರ ಅವನ್ನು ಬೀಡಾ ಜಗಿದು ಉಗಿದ ಹಾಗೆ ಹಿಂದಕ್ಕೆ ಉಗಿಯಿತು. ಒಂದು ಚಾಪೆ ಪೈನ್ ಮರದ ಕೊಂಬೆಗೆ ಸಿಕ್ಕಿಕೊಂಡಿತು. ಅದು ಈಗಲೂ ಅಲ್ಲೇ ಇರಬೇಕು.

ಸಣ್ಣಗೆ ಹಿಮ ಬೀಳತೊಡಗಿತು. ಹಿಂದಿನ ಗಾಜು ಮುಚ್ಚಿತು. ಪಕ್ಕದ ಕನ್ನಡಿಗಳೂ ಮುಚ್ಚಿದವು. ನನ್ನ ಬೆರಳುಗಳು ನನ್ನವೇ ಎಂಬ ನಂಬಿಕೆ ಹೋಗುತ್ತಾ ಬಂತು. ನಿಜ ಹೇಳುತ್ತೇನೆ, ಅಳು ಬರುವ ಹಾಗಾಗಿತ್ತು. ಆ ಕಾರನ್ನು ನಾನು ಪ್ರೀತಿಸುತ್ತಿದ್ದೆ. ಹುಡುಗನಾಗಿದ್ದಾಗ ದಾವಣಗೆರೆಯಲ್ಲಿ ಅಣ್ಣಂದಿರ ಹಳೇ ಸೈಕಲ್ಲನ್ನೇ ತುಳಿದು ಬೆಳೆದವನು ನಾನು. ಸೈಕಲ್ಲು, ಪುಸ್ತಕ, ಸ್ವೆಟರು, ಎಲ್ಲವೂ ಇನ್ನೊಬ್ಬರು ಬಳಸಿ ಬಿಟ್ಟದ್ದು. ಜೀವನದಲ್ಲಿ ಮೊದಲ ಬಾರಿಗೆ ಬೇರೆ ಯಾರಿಗೂ ಉಪಯೋಗವಿಲ್ಲದ, ನನಗೊಬ್ಬನಿಗೇ ಬೇಕಾದ ಒಂದು ವಸ್ತು ಕೊಂಡಿದ್ದೆ. ಅದು ಹೋಗುತ್ತದಲ್ಲ ಎಂದು ಸಂಕಟವಾಯಿತು. ಆದರೂ ಹಟ ಬಿಡಲಿಲ್ಲ. ರಾತ್ರಿ ಆದರೂ ಸರಿ, ವಸಂತ ಬಂದು ಹಿಮ ಕರಗಿದರೂ ಸರಿ, ಕಾರು ತಾನಾಗಿಯೇ ಹತ್ತಬೇಕು.

ಆರತಿ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅಪ್ಪ ಅಮ್ಮನ ಕಡೆ ತಿರುಗಿ, "ಅಪ್ಪಾ, ಅವ್ವಾ, ಇಳೀರಿ. ಕ್ಯಾಬಿನ್ ಇಲ್ಲೇ ತಿರುವಿನ ಮ್ಯಾಲ ಐತಿ, ನಡಕೋತ ಹೋಗೂಣು" ಎಂದಳು.

ದಾನವ್ವನವರು ರೊಟ್ಟಿಯ ಗಂಟನ್ನು ಸೀಟಿನ ಮೇಲೆ ಕೂಸನ್ನು ಮಲಗಿಸಿದಂತೆ ಇಟ್ಟು ಇಳಿದರು. ಮೂವರೂ ಹಿಮದಲ್ಲಿ ಕರಗಿ ಹೋದರು. ನಾನೊಬ್ಬನೇ ಉಳಿದೆ. ಚಕ್ರದ ಸುತ್ತ ಕೈಯಿಂದಲೇ ಹಿಮ ಗೋರಿದೆ. ಸಾಕಷ್ಟು ಹೊತ್ತಾದ ಮೇಲೆ ಕಾರಿನ ಒಳಗೆ ಹೋಗಿ ಕೂತೆ. ಆಗ ಕಿಟಕಿಯ ಮೇಲೆ ಟಕ್ ಟಕ್ ಸದ್ದಾಯಿತು. ಆರತಿ ವಾಪಸ್ ಬಂದಿದ್ದಳು, ಒಬ್ಬಳೇ.

"ಇನ್ನೊಂದು ಸಲ ನೋಡಿ. ಈ ಸಲ ಹತ್ತುತ್ತೆ."

"ನಿಜವಾಗ್ಲೂ?"

"ನನ್ನ ಮನಸ್ಸು ಹೇಳ್ತಿದೆ. ಆದ್ರೆ ಹಿಂದೆ ಮುಂದೆ ನೋಡ್ಬೇಡಿ. ರಸ್ತೆ ಮೇಲೇ ಕಣ್ಣಿಡಿ. ನಾನು ಕೈ ಎತ್ತಿದಾಗ ನಿಧಾನಕ್ಕೆ ಗ್ಯಾಸ್ ಕೊಡಿ."

ಕಾರು ಬಂದ ದಿನದಿಂದ ನನ್ನ ಹೆಂಡತಿ ನನ್ನ ಕಾರಿನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು. ಅವಳು ರಸ್ತೆಯ ಬದಿಗೆ ಸರಿದು ನಿಂತು ಕೈ ಎತ್ತಿದಳು. ನಾನು ಮನಸ್ಸಿನಲ್ಲೇ ಎಲ್ಲ ದೇವರನ್ನೂ ನೆನೆದು ಗ್ಯಾಸ್ ಕೊಟ್ಟೆ.

ಕಾರು ಕದಲಿತು. ಒಮ್ಮೆ ನಡುಗಿತು. ಆಮೇಲೆ, ಹೇಗೆ ಹೇಳಲಿ, ಬೆನ್ನ ಹಿಂದೆ ಯಾರೋ ನಿಂತು ಹೋಗು ಮಗನೇ ಅಂತ ತಳ್ಳಿದ ಹಾಗೆ, ಹಗುರವಾಗಿ, ತೂಗಾಡುತ್ತಾ, ಆ ತಿರುವನ್ನು ಏರಿಯೇ ಏರಿತು. ಇದನ್ನೇ ನಾನು ಇಷ್ಟು ದಿನ ಜನಕ್ಕೆ ಬಾಯಿ ಒಣಗಿಸಿಕೊಂಡು ಹೇಳುತ್ತಿದ್ದದ್ದು. ಸಮತಟ್ಟು ಬಂದ ಕೂಡಲೇ ನಿಲ್ಲಿಸದೆ ಓಡಿಸಿದೆ. ನಿಲ್ಲಿಸಿದರೆ ಮತ್ತೆ ಹೊರಡುತ್ತದೋ ಇಲ್ಲವೋ ಎಂಬ ಸಣ್ಣ ಅನುಮಾನ ಒಳಗಿತ್ತು. ಕ್ಯಾಬಿನ್ ಬಾಗಿಲಿಗೆ ಮೂತಿ ತಾಗುವ ಹಾಗೆ ತಂದು ನಿಲ್ಲಿಸಿ ಹಾರ್ನು ಬಾರಿಸಿದೆ.

ಆಬಿದಾ ಬಾಗಿಲು ತೆರೆದಳು. ಒಳಗೆ ಬರೀ ಹೆಂಗಸರು, ಮಕ್ಕಳು.

"ಗಂಡಸರೆಲ್ಲ ಎಲ್ಲಿ?" ಎಂದೆ.

"ಹೊರಗಡೆ ಹೋದ್ರು" ಎಂದು ಹೇಳಿ ಆಬಿದಾ ಥಟ್ಟನೆ ಅಡುಗೆಮನೆಗೆ ಹೋದಳು. ನನ್ನನ್ನು ಎದುರುಗೊಳ್ಳಲು ಯಾರೂ ಇಲ್ಲವಲ್ಲ ಎಂದು ಸ್ವಲ್ಪ ಬೇಜಾರಾಯಿತು.

ಆಮೇಲೆ ಅವರು ಒಬ್ಬೊಬ್ಬರಾಗಿ ಬಂದರು. ಜಯರಾಮ್ ಬಂದ, ಸೊಂಟ ಹಿಡಿದುಕೊಂಡು. ರಹೀಮ್ ಬಂದ, ಏದುಸಿರು ಬಿಡುತ್ತಾ. ಕೊನೆಗೆ ಆರತಿಯ ಹಿಂದೆ ಅತ್ತೆ ಮಾವನವರೂ ಬಂದರು. ಗಂಡಸರೆಲ್ಲರ ಎದೆಯ ಮೇಲೂ ಹೊಟ್ಟೆಯ ಮೇಲೂ ಕಪ್ಪು ಕೆಸರಿನ ಹಿಮ ರಾಚಿತ್ತು. ಮಾವನವರ ಬಿಳಿ ಸ್ವೆಟರನ್ನು ಗುರುತಿಸಲೂ ಆಗುತ್ತಿರಲಿಲ್ಲ. ನಾನು ಬಿದ್ದು ಬಿದ್ದು ನಕ್ಕೆ.

"ಏನ್ರೋ ಇದು? ಎಲ್ಲರೂ ಸೇರಿ ಕೆಸರಲ್ಲಿ ಬಿದ್ರಾ?"

"ಹೂಂ, ಹಿಮದಲ್ಲಿ ಸ್ವಲ್ಪ ಆಟ ಆಡಿದ್ವಿ" ಎಂದ ಜಯರಾಮ್.

"ಈ ವಯಸ್ಸಲ್ಲಿ? ಮಾವನವರನ್ನೂ ಕರ್ಕೊಂಡು?"

ಎಲ್ಲರೂ ನನ್ನ ಕಾರಿನ ಕಡೆ ನುಗ್ಗಿದರು. ಕ್ಷಣಮಾತ್ರದಲ್ಲಿ ಪಾತ್ರೆ, ಡಬ್ಬಿ, ರೊಟ್ಟಿಯ ಗಂಟು ಒಳಗೆ ಬಂದವು. ಅಕ್ಕಿ ಮೂಟೆಯನ್ನು ಯಾರೂ ಮುಟ್ಟಲಿಲ್ಲ.

ಊಟಕ್ಕೆ ಕೂತೆವು. ಎಲ್ಲರ ಬಾಯಿ ತುಂಬಿತ್ತು, ಹಾಗಾಗಿ ಮಾತಾಡುವ ಅವಕಾಶ ನನ್ನೊಬ್ಬನಿಗೇ ಸಿಕ್ಕಿತು. ಎದ್ದು ನಿಂತೆ.

"ಮಿತ್ರರೇ, ಇವತ್ತು ಒಂದು ಕಾರು ತನ್ನ ಮಾನ ಉಳಿಸಿಕೊಂಡಿದೆ. ನೀವೆಲ್ಲ ನನ್ನನ್ನ ಗೇಲಿ ಮಾಡಿದ್ರಿ. ಹಿಮದಲ್ಲಿ ಇದು ಹತ್ತಲ್ಲ ಅಂದ್ರಿ. ಹತ್ತಿತು. ಯಾರ ಸಹಾಯವೂ ಇಲ್ಲದೆ ಹತ್ತಿತು. ಯಾಕೆ? ಎಳೆಯೋದಕ್ಕೂ ತಳ್ಳೋದಕ್ಕೂ ಇರೋ ವ್ಯತ್ಯಾಸ ಅದು. ಆ ತಿರುವಿನಲ್ಲಿ ನನಗೆ ಆದ ಅನುಭವ ನಿಮಗೆ ಹೇಳಿದ್ರೆ ಅರ್ಥ ಆಗಲ್ಲ. ಸಾಕ್ಷಾತ್ ಹಿಂದಿನಿಂದ ನಾಲ್ಕು ಜನ ನಿಂತು ತಳ್ಳಿದ ಹಾಗಿತ್ತು."

ರಹೀಮನಿಗೆ ತುತ್ತು ನೆತ್ತಿಗೆ ಹತ್ತಿತು. ಆಬಿದಾ ಅವನ ಬೆನ್ನು ಗುದ್ದಿದಳು.

"ಆದ್ದರಿಂದ ಬಾಜಿ ಗೆದ್ದೆ. ಕಾರು ಉಳಿಯಿತು" ಎಂದು ಆರತಿಯ ಕಡೆ ತಲೆಬಾಗಿಸಿ ಕೂತೆ. ಅವಳು ತಲೆ ಎತ್ತದೆ, "ಆಯ್ತು, ಉಳೀಲಿ" ಎಂದು ನನ್ನ ತಟ್ಟೆಗೆ ಹೋಳಿಗೆ ಹಾಕಿದಳು.

ಆಗ ಮಾವನವರು ನಿಧಾನವಾಗಿ ಕೈ ತೊಳೆದುಕೊಂಡು ಬಂದು ಕೂತರು. ಗಿರಾಕಿ ಮಾತು ಮುಗಿಸಿದ್ದ.

"ಅಳಿಯಂದ್ರ, ಈಗರ ಕೇಳಲೇನು?"

"ಕೇಳಿ ಮಾವ, ಕೇಳಿ."

"ನೀವು ದಿನಾ ಹೇಳ್ತಿದ್ರಿ. ಇದು ನೂಕೂ ಕಾರು, ಜೋರೆಲ್ಲಾ ಹಿಂದಿನ ಗಾಲಿಗೆ ಐತಿ ಅಂತ. ನಾ ಚಲೋತ್ನಾಗಿ ಕೇಳೇನಿ. ಮತ್ತ ಸರಪಳಿ ಮುಂದಿನ ಗಾಲಿಗೆ ಯಾಕ ಹಾಕೀರಿ?"

ಹೋಳಿಗೆ ನನ್ನ ಬಾಯಿಯ ಹತ್ತಿರವೇ ನಿಂತಿತು.

ಜಯರಾಮನ ಕಾರು ಮುಂದಿನ ಚಕ್ರದ್ದು. ಜಯರಾಮನ ಕಾರಿಗೆ ಚೈನು ಮುಂದೆಯೇ ಹಾಕಬೇಕು. ನಾನು ದಿನಾ ಸಂಜೆ ಮುಂದಿನ ಚಕ್ರಕ್ಕೇ ಹಾಕಿ ಹಾಕಿ ಪಳಗಿದ್ದೆ. ಕಣ್ಣು ಮುಚ್ಚಿಕೊಂಡು ಹಾಕಿದ್ದೆ. ಕಣ್ಣು ಬಿಟ್ಟುಕೊಂಡು ಹಾಕಿದ್ದರೆ ಚೆನ್ನಾಗಿತ್ತು.

ನಾನು ಎಂಜಿನಿಯರು. ಲೆಕ್ಕ ತಲೆಯಲ್ಲಿ ತಾನಾಗಿ ಓಡಿತು. ಶಕ್ತಿ ಹಿಂದಿನ ಚಕ್ರಕ್ಕೆ. ಹಿಂದಿನ ಚಕ್ರಕ್ಕೆ ಚೈನಿಲ್ಲ. ಚೈನಿಲ್ಲದ ಚಕ್ರ ಆ ಏರು ಹತ್ತುವುದಿಲ್ಲ. ಆದರೆ ಕಾರು ಹತ್ತಿದೆ. ಹಾಗಾದರೆ... ನಾನು ಮೆಲ್ಲಗೆ ತಲೆ ಎತ್ತಿ ಜಯರಾಮನ ಎದೆಯ ಮೇಲಿನ ಕೆಸರು ನೋಡಿದೆ. ರಹೀಮನ ಕೆಸರು ನೋಡಿದೆ. ಮಾವನವರ ಸ್ವೆಟರು ನೋಡಿದೆ. ಹಿಂದಿನ ಚಕ್ರ ಸುತ್ತುವಾಗ ಅದರ ಹಿಂದೆ ನಿಂತವರಿಗೆ ಏನಾಗುತ್ತದೆ ಎಂದು ಪಾಪ, ಕ್ಯಾಮ್ರಿ ಇಟ್ಟವರಿಗೆ ಹೇಗೆ ಗೊತ್ತಿರಬೇಕು?

"ಜಯರಾಮ, ಚೈನು ಹಿಂದಕ್ಕೆ ಹಾಕೋ ಅಂತ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಉಪನ್ಯಾಸ ಶುರು ಮಾಡ್ತಿದ್ದೆ. ತಳ್ಳೋದು ಬೇಗ ಆಗುತ್ತೆ" ಎಂದು ಅವನು ಇನ್ನೊಂದು ರೊಟ್ಟಿ ಎಳೆದುಕೊಂಡ.

ನಾನು ಆರತಿಯ ಕಡೆ ತಿರುಗಿದೆ. ಕಣ್ಣು ಮಂಜಾಗಿತ್ತು, ಸುಳ್ಳು ಹೇಳುವುದಿಲ್ಲ. ಇವಳು ಬಾಜಿ ಕಟ್ಟಿದವಳು. ಗೆದ್ದೇ ಬಿಟ್ಟಿದ್ದಳು. ಆದರೂ ನನ್ನ ಮುಖ ನೋಡಿ, ಹಿಮದಲ್ಲಿ ನಡೆದು ಹೋಗಿ, ಇವರನ್ನೆಲ್ಲ ಕರೆದುಕೊಂಡು ಬಂದು, ನನಗೆ ಗೊತ್ತಾಗದಂತೆ ನನ್ನನ್ನು ಗೆಲ್ಲಿಸಿದ್ದಾಳೆ.

"ಆರತಿ, ನನ್ನ ಕಾರು ಉಳೀಲಿ ಅಂತ ಇಷ್ಟೆಲ್ಲ ಮಾಡಿದ್ಯಾ?"

ಅವಳು ಅಪ್ಪ ಅಮ್ಮ ಎದುರಿಗಿದ್ದಾರೆ ಎಂಬುದನ್ನೂ ಮರೆತಳು.

"ಊಟ ನಿನ್ನ ಕಾರಲ್ಲಿತ್ತು ಕಣೋ. ಇಷ್ಟು ಜನ ಹಸ್ಕೊಂಡು ಕೂತಿದ್ರು. ನಿನ್ನ ಹಟ ಮುಗಿಯೋ ತನಕ ಕಾಯೋಕಾಗುತ್ತಾ?"

ಆಮೇಲೆ, "ನಿನ್ನ ಮುಖಾನೂ ನೋಡೋಕಾಗ್ಲಿಲ್ಲ" ಎಂದು ಸೇರಿಸಿದಳು. ಅದು ಸಮಾಧಾನಕ್ಕೆ ಹೇಳಿದ್ದೋ ಏನೋ, ಕೇಳಲು ಹೋಗಲಿಲ್ಲ.

ವಾಪಸ್ ಹೊರಡುವ ದಿನ ನನ್ನ ಕಾರು ನಿಂತಲ್ಲಿಂದ ಅಲ್ಲಾಡಲಿಲ್ಲ. ಈ ಸಲ ಚೈನು ಹಿಂದೆಯೇ ಇತ್ತು, ಆದರೆ ಎರಡು ದಿನದ ಹಿಮ ಮೊಣಕಾಲುದ್ದ ಬಿದ್ದಿತ್ತು. ಜಯರಾಮನನ್ನು ಕರೆದೆ. ಅವನು ಮಹಡಿಯ ಕಿಟಕಿಯಿಂದ ಬಗ್ಗಿ, "ಡಿಕ್ಕಿಯಲ್ಲಿ ಏನಿದೆ?" ಎಂದು ಕೇಳಿದ.

"ಅಕ್ಕಿ."

"ಬೇಯಿಸಿದ್ದಾ?"

ಅಲ್ಲವೆಂದು ತಿಳಿದು ಕಿಟಕಿ ಮುಚ್ಚಿದ. ಮಧ್ಯಾಹ್ನದವರೆಗೆ ಒಬ್ಬನೇ ಗೋರಿದೆ.

ಆ ವಾರವೇ ನಾನಾಗಿಯೇ ಕಾರನ್ನು ಮಾರಾಟಕ್ಕಿಟ್ಟೆ. ಆರತಿ ಬಾಜಿಯ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು, ಎತ್ತದೇ ಇದ್ದುದರಿಂದ ಬೇರೆ ದಾರಿ ಉಳಿಯಲಿಲ್ಲ. ಕೊಂಡವನು ಇಪ್ಪತ್ತರ ಹುಡುಗ. ಅವನಿಗೆ ಉಪನ್ಯಾಸ ಕೊಡಬೇಕೆಂದು ಬಾಯಿ ತೆರೆದೆ, ಆಮೇಲೆ ಚೈನು ಎಲ್ಲಿಗೆ ಹಾಕಬೇಕು ಎಂಬುದೊಂದನ್ನೇ ಹೇಳಿ ಕೀ ಕೊಟ್ಟೆ.

ಮಿನಿವ್ಯಾನು ಬಂತು. ಬಣ್ಣ ಬೂದಿ, ಆಕಾರ ಬ್ರೆಡ್ಡಿನದು. ದಾನವ್ವನವರು ಅರಿಶಿನ ಕುಂಕುಮ ಹಚ್ಚಿ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಕೂಸಿನ ಸೀಟು ಒಂದೇ ಸಲಕ್ಕೆ ಒಳಗೆ ಹೋಯಿತು, ಒಂದೇ ಸಲಕ್ಕೆ ಹೊರಗೂ ಬಂತು. ಮಾವನವರು ಒಳಗೆ ಕೂತು ಕಾಲು ಪೂರ್ತಿ ಚಾಚಿ ನೋಡಿದರು, ಇಳಿದರು, ವ್ಯಾನಿನ ಸುತ್ತ ಒಂದು ಸುತ್ತು ಬಂದು ನನ್ನ ಹತ್ತಿರ ನಿಂತರು.

"ಅಳಿಯಂದ್ರ, ಇದು ಎಳೀತದೋ, ನೂಕತದೋ?"

"ಎಳೆಯುತ್ತೆ ಮಾವ."

"ಚಲೋ ಆತು" ಎಂದರು ಎದೆಯ ಮೇಲೆ ಕೈಯಾಡಿಸುತ್ತಾ. "ಸ್ವೆಟರು ಈಗಷ್ಟ ಬೆಳ್ಳಗಾಗೇತಿ."